ಬಲಗಾಲಿನ ಆಣಿ

ಸಿದ್ದಕ್ಕ ಹೆಣದ ಬಲಗಾಲಿಗೆ ಹಳೇ ಪಂಚೆಯ ತುಂಡು ಸುತ್ತಿ ಗಂಟು ಬಿಗಿಯುತ್ತಿದ್ದಳು. ಸ್ವಪ್ನ ನೀರಿನ ಬಿಂದಿಗೆ ಇಳಿಸಿದವಳೇ ಅವಳ ಕೈ ಹಿಡಿದಳು.

“ಬಿಚ್ಚತ್ತೆ. ಅವ್ವನ ಕಾಲು ತೊಳೀಬೇಕು.”

“ಎಡಗಾಲು ತೊಳಿ, ಸಾಕು. ಮೊಳಕಾಲ್ಮೂರಿನ ಮಂದಿಯೆಲ್ಲ ಬಾಗಿಲಾಗೈತೆ. ಇದನ್ನ ನೋಡಿದ್ರೆ ಏನಂದಾರು?”

“ಕ್ಯಾನ್ಸರ್ ಅಂತಾರೆ. ಅನ್ಲಿ.”

“ಮುಚ್ಚೇ ಬಾಯಿ! ಆಣಿ ಕೀವಾಗಿ ಹೋದ್ಲು ಅಂತ ಎಲ್ರಿಗೂ ಹೇಳೀನಿ. ಈ ಹೆಸ್ರು ಹಬ್ಬಿದ್ರೆ ನಿನ್ನ ಯಾವೋನು ಮದ್ವಿ ಆಗ್ತಾನೆ?” ಸಿದ್ದಕ್ಕ ದನಿ ತಗ್ಗಿಸಿದಳು. “ದಾವಣಗೆರೆಗೆ ಒಯ್ದು ಪರೀಕ್ಷೆಗೆ ಅಂತ ತುಂಡು ತೆಗೆಸಿದೋಳು ನೀನೇ ಅಲ್ಲೇನು? ಚಾಕು ತಾಕಿದ ಮೇಲೇ ಅದು ಮೈಯೆಲ್ಲ ಹರಡಿದ್ದು.”

ಸ್ವಪ್ನಳ ಮುಖ ಧಗ್ಗೆಂದಿತು.

“ತುಂಡು ತೆಗೆಯೋ ಹೊತ್ತಿಗೇ ತೊಡೆಸಂದೀಲಿ ಗಂಟಿತ್ತು, ಆಗ್ಲೇ ಹರಡಿತ್ತು! ಚಾಕು ತಾಕಬಾರ್ದಾ? ಅಮಾಸೆ ಅಮಾಸೆಗೂ ಬ್ಲೇಡ್ ಹಾಕ್ತಿದ್ರಲ್ಲ, ಆಗ ಎಲ್ಲಿಟ್ಟಿದ್ದೆ ಈ ಬುದ್ಧೀನ?”

ಜಗುಲಿಯ ಮೇಲೆ ಕೂತಿದ್ದ ಅಪ್ಪ ಜಂಪಣ್ಣ ತಲೆ ಎತ್ತಿದ. ಅವನಿಗೂ ಕೇಳಲಿ ಎಂದೇ ಅವಳು ಕೂಗಿದ್ದಳು.

*

ಗುಂಡಿಮಗ್ಗದಲ್ಲಿ ಕೂತು ಬರಿಗಾಲಲ್ಲಿ ಹಲಗೆ ತುಳಿಯುವವರ ಅಂಗಾಲಿಗೆ ಆಣಿ ಏಳುವುದು ಆ ಬೀದಿಯಲ್ಲಿ ರೋಗವೇ ಅಲ್ಲ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅವತ್ತು ಜಂಪಣ್ಣ ಹೆಂಡತಿ ಯರ್ರಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಆಣಿ ಕೆತ್ತುತ್ತಿದ್ದ. ಅವಳು ಗೋಡೆಗೊರಗಿ, “ಮೆಲ್ಲಗೆ ಮಾರಾಯ, ಸೌತೆಕಾಯಿ ಅಂದ್ಕಂಡ್ಯಾ?” ಎಂದು ನಗುತ್ತಿದ್ದಳು. ಒಂದು ಆಣಿ ಕಪ್ಪಾಯಿತು. “ಹಳೇದು, ಅದಕ್ಕೇ,” ಎಂದ. ಕೆತ್ತಿದಷ್ಟೂ ಅಂಚು ಅಗಲವಾಯಿತು.

ಕಾಲೇಜಿನಿಂದ ರಜೆಗೆ ಬಂದ ಸ್ವಪ್ನ ಅದನ್ನು ನೋಡಿದ ದಿನವೇ ಅವ್ವನನ್ನು ದಾವಣಗೆರೆಯ ಬಸ್ಸು ಹತ್ತಿಸಿದಳು.

ಆಸ್ಪತ್ರೆಯ ಮಂಚದಲ್ಲಿ ಯರ್ರಮ್ಮ ಕೇಳಿದಳು, “ನೀನು ಓದೋದ್ರಾಗೆ ಇದು ಐತಾ?”

“ಐತವ್ವ. ಚರ್ಮದ ಜೀವಕೋಶದಾಗೆ ಒಂದು ಕಿಣ್ವ ಇರುತ್ತೆ. ಬೆಳಿ ಅಂತ ಸುದ್ದಿ ಮುಟ್ಟಿಸೋದು ಅದರ ಕೆಲ್ಸ. ನೀನು ಕಾಲೆತ್ತಿದ್ರೆ ಮಗ್ಗ ನಿಲ್ಲಲ್ವಾ? ನಿಂಗೆ ಆ ಕಿಣ್ವ ಕೆಟ್ಟೈತೆ. ಹಲಗೆ ಮ್ಯಾಲಿಂದ ಕಾಲೆತ್ತೋದೇ ಇಲ್ಲ.”

“ಅಯ್ಯೋ, ಊಟಕ್ಕೂ ಏಳಲ್ವಾ? ಅಂಥ ಆಳು ನಮಗೆ ಸಿಗ್ಲಿಲ್ಲ ನೋಡು!”

ಯರ್ರಮ್ಮ ಕೆಮ್ಮು ಬರುವವರೆಗೂ ನಕ್ಕಳು. ಆಮೇಲೆ, “ಅದರ ಕಾಲು ಹಿಡಿಯೋ ಮದ್ದು ಇಲ್ಲೇನು?” ಎಂದಳು.

ಇತ್ತು. ಕೆಲವರಿಗೆ ಹಿಡಿಯುತ್ತಿತ್ತು. ರೋಗ ಆಗಲೇ ಶ್ವಾಸಕೋಶಕ್ಕೆ ಹಬ್ಬಿದ್ದ ಅವಳಿಗೆ ಹಿಡಿಯಲಿಲ್ಲ.

*

“ಹೊತ್ತಾತು, ಎತ್ರಲೇ,” ಎಂದ ಹಿರಿಯ ತಿಪ್ಪಯ್ಯ, ಹೊರಗಿನಿಂದ.

ಸಿದ್ದಕ್ಕ ಕಟ್ಟಿದ ಕಾಲಿನ ಮೇಲೆ ಸೀರೆ ಎಳೆದಳು. ಸ್ವಪ್ನ ಸರಿಸಿದಳು. ಸಿದ್ದಕ್ಕ ಮತ್ತೆ ಎಳೆದಳು.

“ಕೈ ತೆಗಿ ಅತ್ತೆ! ಸುಳ್ಳು ಸುತ್ತಿ ಕಳಿಸ್ತೀಯಾ ನಮ್ಮವ್ವನ್ನ?”

ಜಂಪಣ್ಣ ಒಳಗೆ ಬಂದು ನಿಂತ. ಹೊಡೆಯುತ್ತಾನೇನೋ ಎಂದು ಸಿದ್ದಕ್ಕ ನಡುವೆ ಬಂದಳು.

“ಸ್ವಪ್ನಾ,” ಎಂದ ಅವನು. “ನಾನು ಕೆತ್ತಿದ್ದಕ್ಕೇ ಬಂತೇನವ್ವ?”

ಸ್ವಪ್ನಳಿಗೆ ಹೌದು ಅನ್ನಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು.

“ಕೆತ್ತಿದ್ದಕ್ಕಲ್ಲ,” ಎಂದಳು ಹಲ್ಲು ಕಚ್ಚಿ. “ಕಪ್ಪಗಾದ್ರೂ ಆಣಿ ಅಂದ್ಕಂಡು ಕೂತಿದ್ದಕ್ಕೆ. ಎಲ್ರೂ. ಈಗ್ಲೂ ಅದೇ ಅಂತೀರಲ್ಲ!”

ಜಂಪಣ್ಣ ಕುಕ್ಕರುಗಾಲಲ್ಲಿ ಕೂತು, ಹೆಂಡತಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡ. ಗಂಟು ಬಿಚ್ಚಿದ.

“ಅಣ್ಣ, ಬೀದಿ ನೋಡುತ್ತೆ,” ಎಂದಳು ಸಿದ್ದಕ್ಕ.

“ನೋಡ್ಲಿ.” ಅವನು ಮಗಳ ಕಡೆ ನೋಡದೆ ಕೈ ಚಾಚಿದ. “ನೀರು ಕೊಡು.”

ಚಟ್ಟ ಕಾಲು ಮುಂದಾಗಿ ಹೊರಟಿತು. ಮಗ್ಗಗಳೆಲ್ಲ ನಿಂತಿದ್ದವು. ಕರಿ ಹುಣ್ಣಿನ ಬಲ ಅಂಗಾಲು ಎಲ್ಲರಿಗಿಂತ ಮುಂದೆ, ಬಿಸಿಲಲ್ಲಿ ಹೋಯಿತು. ಕೆಲವರು ಮುಖ ತಿರುಗಿಸಿದರು. ಸ್ವಪ್ನ ಯಾರನ್ನೂ ಬಿಡದೆ ದುರುಗುಟ್ಟಿ ನೋಡುತ್ತ ನಡೆದಳು.

ಬೀದಿಯ ಕೊನೆಯ ಮನೆಯ ಬಾಗಿಲಲ್ಲಿ ನೇಕಾರಗಿತ್ತಿ ಶಶಿರೇಖಾ ಕೈ ಮುಗಿದು ನಿಂತಿದ್ದಳು. ಚಟ್ಟ ದಾಟಿದ ಮೇಲೆ ಅವಳು ಬಾಗಿಲ ಚೌಕಟ್ಟು ಹಿಡಿದು, ಒಂದು ಕಾಲೆತ್ತಿ, ಅಂಗಾಲನ್ನು ಬೆಳಕಿಗೆ ತಿರುಗಿಸಿದಳು. ಬೆರಳಿಗೆ ಎಂಜಲು ಹಚ್ಚಿ, ಕಪ್ಪಗಿದ್ದ ಒಂದು ಕಡೆ ಉಜ್ಜಿದಳು. ಬಗ್ಗಿ ನೋಡಿದಳು. ಮತ್ತೆ ಉಜ್ಜಿದಳು.