ಶಂಕ್ರಮ್ಮನ ಸಿನಿಮಾದಲ್ಲಿ ಯಾರೂ ಸಾಯುವುದಿಲ್ಲ

1

ಕಥೆ ಎಲ್ಲಿಂದ ಶುರು ಮಾಡಲಿ ಅಂತ ನಾನು ಯಾರನ್ನೂ ಕೇಳುವವನಲ್ಲ. ಶುರು ಮಾಡುವುದರಲ್ಲಿ ಇಡೀ ಚೆನ್ನೈ ಕನ್ನಡಿಗರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಶುರುವಾದ ಕಥೆಗಳೇ ನನ್ನ ಹತ್ತಿರ ನಾನೂರಿವೆ. (ಮುಗಿದದ್ದು ಎಷ್ಟು ಅಂತ ಕೇಳಬೇಡಿ, ಅದು ಹೊಟ್ಟೆಕಿಚ್ಚಿನ ಪ್ರಶ್ನೆ.) ಆದರೆ ಈ ಕಥೆಗೆ ಮಾತ್ರ ಮೂರು ಶುರುಗಳು ಬಂದು ಬಾಗಿಲಲ್ಲಿ ತಳ್ಳಾಡುತ್ತಿವೆ.

ಮೊದಲನೆಯದು ಹೀಗಿತ್ತು: "ಅಡ್ಯಾರಿನ ಪ್ರಿವ್ಯೂ ಥಿಯೇಟರಿನಲ್ಲಿ, ಸಿನಿಮಾ ಶುರುವಾಗಿ ಮುಕ್ಕಾಲು ಗಂಟೆಗೆ, ಮುನ್ನೂರು ಜನ ಒಟ್ಟಿಗೆ ಎದ್ದು ಬಾಯಿಗೆ ಕರ್ಚೀಫು ಒತ್ತಿಕೊಂಡು ಹೊರಗೋಡಿದರು. ಇಬ್ಬರಿಗೆ ಮೂರ್ಛೆ. ಒಬ್ಬರ ಹಲ್ಲಿನ ಸೆಟ್ ಕಳಚಿ ಬಿತ್ತು."

ಹೊಡೆದುಹಾಕಿದೆ. ಆ ಥಿಯೇಟರಿನಲ್ಲಿ ಇರುವುದೇ ಅರವತ್ತು ಸೀಟು. ಎದ್ದವರು ಇಪ್ಪತ್ತೆರಡು. ಹಲ್ಲಿನ ಸೆಟ್ ಮಾತ್ರ ನಿಜ.

2

ಎರಡನೆಯ ಶುರುವಿನಲ್ಲಿ ಮುರಿಗೆಪ್ಪ ಬರುತ್ತಾರೆ. ಗದಗ ಕಡೆಯವರು. ಗೂಡ್ಸ್ ಗಾಡಿಯ ಗಾರ್ಡ್ ಆಗಿ ಮದ್ರಾಸಿಗೆ ಬಂದು, ಊರಿನ ಹೆಸರು ಬದಲಾದರೂ ತಾವು ಬದಲಾಗದೆ ಇಲ್ಲೇ ಉಳಿದವರು. ಎಣ್ಣೂರಿನ ಥರ್ಮಲ್ ಸ್ಟೇಷನ್ನಿಗೆ ಕಲ್ಲಿದ್ದಲು ಒಯ್ಯುವ ಗಾಡಿಯ ಕೊನೇ ಡಬ್ಬಿಯಲ್ಲಿ ಅರ್ಧ ಆಯಸ್ಸು ಕಳೆದರು. ಈಗ ವೇಲಚೇರಿಯಲ್ಲಿ ಫ್ಲ್ಯಾಟು. ಆರು ವರ್ಷದ ಹಿಂದೆ ಗ್ಲಾಕೋಮಾ ಎರಡೂ ಕಣ್ಣು ತೆಗೆದುಕೊಂಡು ಹೋಯಿತು, ಸಿನಿಮಾ ಹುಚ್ಚನ್ನು ಮಾತ್ರ ಬಿಟ್ಟು ಹೋಯಿತು.

ಹಾಗಾಗಿ ಹೆಂಡತಿ ಶಂಕ್ರಮ್ಮ ಪಕ್ಕದಲ್ಲಿ ಕೂತು, ತೆರೆಯ ಮೇಲೆ ಕಂಡದ್ದನ್ನೆಲ್ಲ ಅವರ ಕಿವಿಗೆ ಹೇಳುತ್ತಾರೆ. ನಮ್ಮ ಕನ್ನಡ ಸಂಘದ ಸಿನಿಮಾ ಶೋಗಳಲ್ಲಿ ಅವರ ಹಿಂದಿನ ಸಾಲಿನ ಸೀಟಿಗೆ ಹೊಡೆದಾಟ. ಸಿನಿಮಾ ಚೆನ್ನಾಗಿಲ್ಲದಿದ್ದರೂ ಶಂಕ್ರಮ್ಮ ಚೆನ್ನಾಗಿರುತ್ತಾರೆ. ಯಾಕೆಂದರೆ ಅವರದೊಂದು ನಿಯಮ: ಅವರ ಸಿನಿಮಾದಲ್ಲಿ ಯಾರೂ ಸಾಯುವುದಿಲ್ಲ.

"ಇಂವಾ ಚಾಕು ತಗದಾ... ಅಂವಾ ಬಾಗಲದಾಗ ನಿಂತಾನ... ಹಾಂ, ಅವಂಗ ವರ್ಗಾ ಆತ್ ನೋಡ್ರಿ."

"ಎಲ್ಲಿಗೆ?"

"ಅರಕ್ಕೋಣಕ್ಕ."

ರೈಲ್ವೆ ಸಂಸಾರ. ಅವರು ಕಂಡ ಅತಿ ದೊಡ್ಡ ಅನಾಹುತ ವರ್ಗವೇ. ಒಳ್ಳೆಯವರಿಗೆ ಅರಕ್ಕೋಣ, ಕೆಟ್ಟವರಿಗೆ ಜೋಲಾರ್‌ಪೇಟೆ. ಒಂದು ಗ್ಯಾಂಗ್‌ಸ್ಟರ್ ಸಿನಿಮಾದಲ್ಲಿ ಇಂಟರ್ವಲ್ ಹೊತ್ತಿಗೆ ಇಡೀ ಡಿವಿಜನ್ನೇ ಖಾಲಿ.

ಅಡ್ಯಾರಿನಲ್ಲಿ ಜನ ಎದ್ದು ಓಡಿದ ಸಿನಿಮಾ ತೆಗೆದವಳು ಇವರ ಮಗಳು ತೇಜಶ್ರೀ. ಇಲ್ಲೇ ಹುಟ್ಟಿ ಇಲ್ಲೇ ಓದಿದವಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಇದು ಅವಳ ಮೊದಲ ಸಿನಿಮಾ. ಹೆಸರು 'ಕಿ.ಮೀ. 17/4'. ಎಣ್ಣೂರಿನ ಹತ್ತಿರ ಒಬ್ಬ ಕಲ್ಲಿದ್ದಲು ಗಾಡಿಯ ಚಕ್ರಕ್ಕೆ ಸಿಗುತ್ತಾನೆ. ತಕ್ಷಣ ಸಾಯುವುದಿಲ್ಲ. ಹನ್ನೊಂದು ನಿಮಿಷ ಇರುತ್ತಾನೆ. ಗಾಡಿಯ ಗಾರ್ಡ್ ಇಳಿದು ಬಂದು ಅವನ ಹತ್ತಿರ ಇರುತ್ತಾನೆ. ಕ್ಯಾಮೆರಾ ಅಷ್ಟೂ ಹೊತ್ತು ಅಲುಗುವುದಿಲ್ಲ. ಜನ ಅಲುಗಿದರು.

4

(ಮೂರು ಎಲ್ಲಿ ಅಂತ ಹಾಳೆ ತಿರುವಬೇಡಿ. ಮೂರನೆಯ ಶುರು ಅಂದರೆ ಆ ಹನ್ನೊಂದು ನಿಮಿಷ. ಮನೆಮಂದಿಯೆಲ್ಲ ಕೂತು ಓದುವವರಿದ್ದಾರೆ, ಆದ್ದರಿಂದ ಫಾರ್ವರ್ಡ್ ಮಾಡಿದ್ದೇನೆ. ನನಗೆ ಬರೆಯಲು ಬಾರದೆ ಅಲ್ಲ. ನಾನು ನೋಡಿರುವ ಘೋರ ಸಿನಿಮಾಗಳನ್ನು ಸಾಲಾಗಿ ಮಲಗಿಸಿದರೆ ಎಣ್ಣೂರಿನಿಂದ ವೇಲಚೇರಿಗೆ ಒಂದು ಹೊಸ ಮೆಟ್ರೋ ಲೈನ್ ಆಗುತ್ತದೆ.)

ಸಿನಿಮಾ ಮುಗಿದ ಮೇಲೆ ವರಾಂಡದಲ್ಲಿ ನಮ್ಮ ಅಧ್ಯಕ್ಷರು, ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಹನುಮಂತಯ್ಯ, ಕಾಫಿ ಲೋಟ ಹಿಡಿದು ನನ್ನ ಮುಂದೆ ಭಾಷಣ ಮಾಡಿದರು.

"ಇದು ಸಿನಿಮಾನಾ ಗುಂಡಣ್ಣ? ಅಸಹ್ಯ. ಒಬ್ಬ ಸಾಯೋದನ್ನ ಟಿಕೆಟ್ ಕೊಟ್ಟು ನೋಡಬೇಕಾ? ಮುಂದಿನ ಭಾನುವಾರ ಸಂಘದಲ್ಲಿ ಇಟ್ಟಿರೋ ಶೋ ಕ್ಯಾನ್ಸಲ್ ಮಾಡಿ."

"ಸಾರ್, ನೀವು ಆ ಸೀನ್ ನೋಡಿದ್ರಾ?"

"ನಾನ್ಯಾಕೆ ನೋಡ್ಲಿ? ಎಲ್ಲರಿಗಿಂತ ಮುಂಚೆ ಎದ್ದು ಬಂದವನು ನಾನು." ಇದನ್ನು ಪದಕ ತೋರಿಸುವ ಹಾಗೆ ಹೇಳಿದರು. ನೋಡದೇ ಇರುವ ಸಿನಿಮಾದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. (ಹದಿನೈದು.)

ತೇಜಶ್ರೀ ಅದನ್ನೆಲ್ಲ ಕೇಳಿಸಿಕೊಂಡೇ ದಾಟಿ ಬಂದು ಅಪ್ಪನ ಮುಂದೆ ನಿಂತು, ಹೇಗಿತ್ತು ಅಂತ ತಮಿಳಿನಲ್ಲೇ ಕೇಳಿದಳು.

"ಎಪ್ಪಡಿ ಇರುಂದುಚ್ಚು, ಅಪ್ಪಾ?"

"ಸೌಂಡ್ ಛಲೋ ಐತಿ," ಅಂದರು ಮುರಿಗೆಪ್ಪ.

ಅವಳು ಇನ್ನೂ ಏನೋ ಬರುತ್ತದೆ ಅಂತ ಕಾದಳು. ಬರಲಿಲ್ಲ. ಸರಿ ಅಂತ ತಲೆಯಾಡಿಸಿ ಹೋದಳು. ತಲೆಯಾಡಿಸಿದ್ದು ಅವರಿಗೆ ಕಾಣುವುದಿಲ್ಲ ಅನ್ನುವುದನ್ನು ಅವತ್ತು ಮರೆತಿದ್ದಳು.

5

ಮಂಗಳವಾರ ಮುರಿಗೆಪ್ಪ ಫೋನ್ ಮಾಡಿ ನನ್ನನ್ನು ಮನೆಗೆ ಕರೆಸಿಕೊಂಡರು. ಶಂಕ್ರಮ್ಮ ಕೊತ್ತಂಬರಿ ತರಲು ಕೆಳಗೆ ಹೋಗುವವರೆಗೂ ಹವಾಮಾನ ಮಾತಾಡಿದರು. ಬಾಗಿಲು ಹಾಕಿದ ಸದ್ದು ಕೇಳಿದ್ದೇ ನನ್ನ ಕಡೆ ತಿರುಗಿದರು.

"ಗುಂಡಣ್ಣಾ, ಆ ಸೀನು ನೀ ಕಣ್ ಬಿಟ್ಟು ನೋಡಿದೇನು?"

"ರೆಪ್ಪೆ ಹೊಡೀಲಿಲ್ಲ ಸಾರ್."

"ಹಂಗಾದ್ರ ಹೇಳು. ಆ ಗಾರ್ಡ್ ಇದ್ನಲ್ಲ, ಗಾಲಿಗೆ ಸಿಕ್ಕವನ ಕೈ ಹಿಡಕೊಂಡು ಕುಂತಿದ್ನೋ, ಬೆನ್ನ ಮಾಡಿ ನಿಂತಿದ್ನೋ?"

ಯಾಕೆ ಅಂತ ಕೇಳಿದೆ. ಆಮೇಲೆ ಕೇಳಬಾರದಿತ್ತು ಅನ್ನಿಸಿತು.

ಆ ಗಾರ್ಡ್ ಅವರೇ. ಮೂವತ್ತು ವರ್ಷದ ಹಿಂದೆ, ಹಾಡುಹಗಲು, ಅದೇ ಕಿಲೋಮೀಟರ್ ಕಲ್ಲಿನ ಹತ್ತಿರ. ಡ್ರೈವರ್ ಸುದ್ದಿ ಮುಟ್ಟಿಸಲು ಓಡಿದ್ದ. ಚಕ್ರದ ಕೆಳಗಿದ್ದವನು ಕೈ ಚಾಚಿದ್ದ.

"ತೇಜಿ ಹತ್ತನೇ ಕ್ಲಾಸಿನ್ಯಾಗ ಇದ್ದಾಗ ಅಕೀಗೆ ಒಮ್ಮೆ ಹೇಳೇನಿ. ಕೊನೀತನಕ ಕೈ ಹಿಡಕೊಂಡು ಕುಂತಿದ್ದೆ ಅಂತ. ಸುಳ್ಳದು. ನಾ ಬೆನ್ನ ಮಾಡಿ ನಿಂತು ವ್ಯಾಗನ್ ಎಣಿಸಿದೆ. ನಲವತ್ತೆರಡು. ಮುಗದ ಕೂಡ್ಲೆ ಮತ್ತ ಮೊದಲಿಂದ. ಅಂವಾ ಕರೀತಿದ್ದ."

"ತೇಜಶ್ರೀನೇ ಕೇಳಬಹುದಲ್ಲ ಸಾರ್."

"ಏನಂತ ಕೇಳ್ಲಿ? ಕೈ ಹಿಡದಂಗ ತಗದಿದ್ರ, ನನ್ನ ಸುಳ್ಳಿನ ಸಲುವಾಗಿ ಊರ ಮಂದಿ ಕಡೆ ಬೈಸ್ಕೊಂಡ್ಳು. ಬೆನ್ನ ಮಾಡಿದಂಗ ತಗದಿದ್ರ, ಅಕೀಗೆ ನನ್ನ ಸುಳ್ಳು ಮೊದಲಿಂದ್ಲೂ ಗೊತ್ತೈತಿ. ಯಾವುದಂತ ತಿಳದಮ್ಯಾಲ ಅಕೀ ಜೋಡಿ ಮಾತಾಡ್ತೀನಿ. ಅಲ್ಲೀತನಕ ನಾಲಿಗಿ ಏಳೂದಿಲ್ಲ."

ಓದುಗರೇ, ಈಗ ನಾನೂ ಒಂದು ಹೇಳಬೇಕು. ಆ ಹನ್ನೊಂದು ನಿಮಿಷ ನಾನು ಥಿಯೇಟರಿನ ಗೇಟಿನ ಹೊರಗೆ, ತಳ್ಳುಗಾಡಿಯ ಮುಂದೆ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆ. ಬ್ರೇಕಿನ ಸದ್ದು ಬಂದ ಕೂಡಲೇ ಎದ್ದಿದ್ದೆ. ಹನುಮಂತಯ್ಯನವರಿಗಿಂತ ಮುಂಚೆ. ಅವರ ಪದಕ ನಿಜವಾಗಿ ನನ್ನದು.

ಮುರಿಗೆಪ್ಪನವರಿಗೂ ಹೇಳಿದೆ. ಅವರು, "ಬಜ್ಜಿ ಛಲೋ ಇದ್ದುವೇನು?" ಅಂದರು.

ಅಷ್ಟರಲ್ಲಿ ಶಂಕ್ರಮ್ಮ ಬಂದರು. ಅವರನ್ನು ಉಪಾಯವಾಗಿ ಕೇಳಿದೆ: ಅಮ್ಮಾ, ಆ ಸೀನಿನಲ್ಲಿ ಗಾರ್ಡ್ ಹೇಗೆ ನಿಂತಿದ್ದ?

"ನಾ ಎಲ್ಲಿ ನೋಡೇನಪ? ಕಣ್ ಮುಚ್ಚಿದ್ದೆ. ಮಗಳದಂತ ಎದ್ದು ಹೋಗಲಿಲ್ಲ ಅಷ್ಟ."

"ಮತ್ತೆ ಹನ್ನೊಂದು ನಿಮಿಷ ಇವರಿಗೆ ಏನು ಹೇಳಿದಿರಿ?"

"ಇಬ್ರು ಕುಂತಾರ, ಒಬ್ಬಂವ ವರ್ಗಾದ ಆರ್ಡರ್ ಕಾಯಾಕತ್ತಾನ ಅಂದೆ. ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಅಂತಿದ್ದೆ. ಆಮ್ಯಾಲ ಸೌಂಡ್ ನಿಂತ್ತು. ಬಂತು ಅಂದೆ."

ಎದ್ದು ಹೋಗದೆ ಉಳಿದ ಮೂವತ್ತೆಂಟು ಮಂದಿಗೂ ಫೋನ್ ಮಾಡಿದೆ. (ಆರು ಮಂದಿಗೆ.) ಒಬ್ಬರು ಮೊಬೈಲ್ ನೋಡುತ್ತಿದ್ದರಂತೆ. ಒಬ್ಬರು ಬಾಗಿಲ ಮೇಲಿನ ಕೆಂಪು ದೀಪ. ಒಬ್ಬರು ತಮ್ಮ ಚಪ್ಪಲಿ. ಊರಿಗೆಲ್ಲ ಅಸಹ್ಯವಾದ ಆ ಸೀನನ್ನು ನಮ್ಮ ಸಂಘದಲ್ಲಿ ನೋಡಿದವರೇ ಇಲ್ಲ.

ಇಲ್ಲಿ ನಾನೊಂದು ಅದ್ಭುತ ವಾಕ್ಯ ಬರೆದಿದ್ದೆ: "ಕಣ್ಣಿಲ್ಲದ ಮುರಿಗೆಪ್ಪನೊಬ್ಬರೇ ಆ ಸಿನಿಮಾವನ್ನು ನಿಜವಾಗಿ ಕಂಡವರು." ಅವರಿಗೆ ಓದಿ ಹೇಳಿದೆ.

"ಅದನ್ನ ತಗಿ," ಅಂದರು. "ಕಂಡಿದ್ರ ನಿನ್ನ ಯಾಕ ಕೇಳ್ತಿದ್ದೆ?"

ತೆಗೆದಿದ್ದೇನೆ.

6

ಮುಗಿಸುವ ದಾರಿಗಳು ಬೇಕಾದಷ್ಟಿವೆ.

ಅ) "ಕೈ ಹಿಡಿದಿದ್ದ ಸಾರ್" ಅಂತ ಸುಳ್ಳು ಹೇಳುತ್ತೇನೆ. ಅವರು ಹಗುರಾಗುತ್ತಾರೆ. ಮಗಳಿಗೆ ಫೋನ್ ಮಾಡಿ ತಪ್ಪೊಪ್ಪಿಕೊಳ್ಳುತ್ತಾರೆ. ಅವಳು, "ಇಲ್ಲಪ್ಪಾ, ಸಿನಿಮಾದಲ್ಲಿ ಬೆನ್ನು" ಅನ್ನುತ್ತಾಳೆ. ನಾನು ಊರು ಬಿಡುತ್ತೇನೆ.

ಆ) ಮಳೆ ಬಂದು ವೇಲಚೇರಿ ಮುಳುಗಿ ಶೋ ರದ್ದಾಗುತ್ತದೆ. (ವೇಲಚೇರಿಯಲ್ಲಿ ಕಥೆ ಬರೆಯುವವರಿಗೆ ಇದು ಯಾವಾಗಲೂ ಕೈಗೆ ಸಿಗುವ ಕ್ಲೈಮ್ಯಾಕ್ಸು.)

ಇ) ಮುರಿಗೆಪ್ಪನವರಿಗೆ ವರ್ಗವಾಗುತ್ತದೆ.

ಮೂರನೆಯದನ್ನು ಬರೆದ ಪೆನ್ನಿನ ಮೇಲೆ ನನಗೇ ಸಿಟ್ಟು ಬಂತು.

3

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಶೋ ನಡೆಯಿತು. ಹನುಮಂತಯ್ಯನವರ ಎದುರು ಸಿಂಹದ ಹಾಗೆ ಗರ್ಜಿಸಿದೆ ಅಂತ ಬರೆಯಬಹುದು. ಹಾಲ್ ನನ್ನ ಹೆಸರಿನಲ್ಲಿ ಬುಕ್ ಆಗಿತ್ತು, ಕ್ಯಾನ್ಸಲ್ ಮಾಡಲಿಲ್ಲ, ಅಷ್ಟೇ. ಜನ ಎಂಟು. (ಎಂಟೇ.) ತೇಜಶ್ರೀ ಹಿಂದೆ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು, ಯಾರು ಎದ್ದು ಬಂದರೂ ಅವಳ ಮುಂದೆಯೇ ಹೋಗಬೇಕು.

ಮುರಿಗೆಪ್ಪ ನಡುವೆ. ಎಡಕ್ಕೆ ಶಂಕ್ರಮ್ಮ, ಬಲಕ್ಕೆ ನಾನು.

"ಗುಂಡಣ್ಣಾ, ನಿನ್ ಬಾಯಾಗ ಒಂದು ಹತ್ತಾಗತೈತಿ. ನಂಗ ಗೊತ್ತೈತಿ. ಇದೊಂದ್ ಸಲ ಇದ್ದಷ್ಟ ಹೇಳು."

"ಆಯ್ತು ಸಾರ್."

ಮುಕ್ಕಾಲು ಗಂಟೆಗೆ ಬ್ರೇಕಿನ ಸದ್ದು ಬಂತು. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ, ಉದ್ದಕ್ಕೆ ಎಳೆದು, ನಿಂತಿತು. ಶಂಕ್ರಮ್ಮ ಕಣ್ಣು ಮುಚ್ಚಿಕೊಂಡು ಶುರು ಮಾಡಿದರು: "ಇಬ್ರು ಕುಂತಾರ್ರಿ..."

"ನೀ ಸುಮ್ಕಿರು. ಇಂವಾ ಹೇಳ್ತಾನ."

ನನ್ನ ಕೈ ತಾನಾಗಿ ಕಣ್ಣಿನ ಕಡೆ ಹೊರಟಿತ್ತು. ಕುರ್ಚಿಯ ತೋಳಿನ ಮೇಲೆ ತಡಕಾಡಿಕೊಂಡು ಬಂದ ಅವರ ಕೈ ಅದನ್ನು ಅರ್ಧ ದಾರಿಯಲ್ಲಿ ಹಿಡಿಯಿತು. ಗಾರ್ಡ್ ಕೈ. ಮೂವತ್ತು ವರ್ಷ ಬಾವುಟ ಹಿಡಿದ ಹಿಡಿತ. ಬಿಡಿಸಿಕೊಳ್ಳಲು ಆಗಲಿಲ್ಲ ಅಂದರೆ ನೀವು ಇದನ್ನೂ ಉತ್ಪ್ರೇಕ್ಷೆ ಅನ್ನುತ್ತೀರಿ. ಅನ್ನಿ.

ತೆರೆಯ ಮೇಲೆ ಒಬ್ಬ ಕೈ ಚಾಚಿದ್ದ. ನಾನು ನೋಡಿದೆ.

ಈಗ ನೀವು ಕೇಳುತ್ತೀರಿ: ಕೈಯೋ, ಬೆನ್ನೋ? ನ್ಯಾಯವಾದ ಪ್ರಶ್ನೆ. ಆದರೆ ಸಾಲಿನಲ್ಲಿ ನಿಮಗಿಂತ ಮುಂದೆ ಒಬ್ಬರಿದ್ದಾರೆ. ನಾನು ನಿಮಗೆ ಹೇಳಿದರೆ ಅದು ಖಂಡಿತ ಒಂದಕ್ಕೆ ಹತ್ತಾಗುತ್ತದೆ. ಹಾಗಾಗಿ ಹೇಳುವುದಿಲ್ಲ.

ಅವರ ಕಿವಿಗೆ ಬಾಗಿ ಇದ್ದಷ್ಟನ್ನೇ ಹೇಳಿದೆ. ನಾಲ್ಕು ಮಾತು.

ಮುರಿಗೆಪ್ಪ ನನ್ನ ಕೈ ಬಿಡಲಿಲ್ಲ. ತೆರೆಯ ಮೇಲಿನವನು ಇನ್ನೂ ಕರೆಯುತ್ತಿದ್ದ. ಒಂಬತ್ತು ನಿಮಿಷ ಬಾಕಿ ಇತ್ತು.