ಎಡಗೈ ಕೊಡದವಳು

ಸೂಜಿ ಚುಚ್ಚಲು ನರ್ಸ್ ಬಂದಾಗ ದರ್ಜಿ ಹೆಂಗಸು ಎಂದಿನಂತೆ ಬಲಗೈ ಚಾಚಿದಳು. ಅವಳು ಎಡಚಿ. ಕತ್ತರಿ ಹಿಡಿಯುವ ಕೈ ಊದಿಕೊಂಡರೆ ಅಂಗಡಿ ಮುಚ್ಚಬೇಕಲ್ಲ.

ಮೆಟ್ಟಿಲು ಹತ್ತಿದರೆ ಏದುಸಿರು. ಉಗುರು ನೀಲಿಗಟ್ಟಿದರೆ ಬಟ್ಟೆಯ ಬಣ್ಣ ಅಂಟಿದೆ ಎನ್ನುತ್ತಿದ್ದಳು ಅಕ್ಕ. ಈಚೆಗೊಮ್ಮೆ ಗಿರಾಕಿಯ ಅಳತೆ ತೆಗೆಯುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ನಾಲಗೆ ಹೊರಳಲಿಲ್ಲ. ಎರಡು ಆಸ್ಪತ್ರೆಗಳಲ್ಲಿ ಹೃದಯ ಪರೀಕ್ಷಿಸಿ ಏನೂ ಇಲ್ಲವೆಂದಿದ್ದರು. ಇಲ್ಲಿಯೂ ಹಾಗೇ ಅಂದರೆ, ತನ್ನ ಉಸಿರನ್ನು ತಾನೇ ನಂಬುವಂತಿರಲಿಲ್ಲ.

"ಈ ಸಲನಾದ್ರೂ ಏನಾದ್ರೂ ಸಿಗುತ್ತೇನೇ, ನಾಟಕದ ರಾಣಿ?" ಎಂದಳು ಪಕ್ಕದಲ್ಲಿ ಕೂತಿದ್ದ ಅಕ್ಕ.

"ಸಿಗದಿದ್ರೆ ನಿಂಗೇ ಖುಷಿ ತಾನೇ?"

ಡಾಕ್ಟರಮ್ಮ ಮಿತಭಾಷಿ. ಎದೆಯ ಮೇಲೆ ಸ್ಕ್ಯಾನಿಂಗ್ ಯಂತ್ರದ ಹಿಡಿಕೆ ಒತ್ತಿ ಕೂತರು. ನರ್ಸ್ ಉಪ್ಪುನೀರಿಗೆ ಚೂರು ಗಾಳಿ ಬೆರೆಸಿ, ನೊರೆ ಬರುವಂತೆ ಕಲಕಿ ಒಳಗೆ ಬಿಟ್ಟಳು. ಪರದೆಯಲ್ಲಿ ಹೃದಯದ ಬಲಭಾಗ ಬಿಳಿ ಗುಳ್ಳೆಗಳಿಂದ ತುಂಬಿತು. ಎಡಭಾಗ ಕಪ್ಪಾಗೇ ಉಳಿಯಿತು.

"ಒಂದು ಗುಳ್ಳೇನೂ ಆಚೆಗೆ ದಾಟಲಿಲ್ಲ, ತೂತೇನೂ ಇಲ್ಲ," ಎಂದಳು ನರ್ಸ್.

ಡಾಕ್ಟರಮ್ಮ ಪರದೆಯನ್ನೇ ನೋಡುತ್ತಿದ್ದರು. ದರ್ಜಿಯ ಕಾಲು ಹಾಸಿಗೆಯ ಮೇಲೇ ಹೊಲಿಗೆಯಂತ್ರ ತುಳಿಯುವಂತೆ ಆಡತೊಡಗಿತು.

"ಅಲ್ಲಾಡಬೇಡಿ," ಎಂದರು ಡಾಕ್ಟರಮ್ಮ. "ಹಿಂದೆ ಈ ಪರೀಕ್ಷೆ ಮಾಡಿದಾಗ ಯಾವ ಕೈಗೆ ಚುಚ್ಚಿದ್ರು?"

"ಬಲಗೈಗೇ. ಎಡಗೈ ನಾನು ಯಾರಿಗೂ ಕೊಡಲ್ಲ."

"ನಂಗೆ ಕೊಡಿ."

ಅವಳು ಅಕ್ಕನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಎಡಗೈ ಚಾಚಿದಳು.

ಈ ಸಲ ಬಿಳಿ ನೊರೆ ಮೊದಲು ಉಕ್ಕಿದ್ದು ಎಡಭಾಗದಲ್ಲಿ.

"ನೋಡಿ," ಎಂದರು ಡಾಕ್ಟರಮ್ಮ. "ಎಡಗೈ ಕಡೆಯಿಂದ ಬರೋ ರಕ್ತನಾಳ ಹುಟ್ಟಿನಿಂದಲೇ ಹೃದಯದ ತಪ್ಪು ಕೋಣೆ ಸೇರಿದೆ. ಆ ರಕ್ತ ಶ್ವಾಸಕೋಶಕ್ಕೆ ಹೋಗದೆ, ಕೆಟ್ಟದ್ದು ಕೆಟ್ಟದ್ದಾಗೇ ಮೈಗೆಲ್ಲ ಹರಿಯುತ್ತೆ. ಅವತ್ತು ನಾಲಗೆ ತೊದಲಿದ್ದೂ ಇದರಿಂದಲೇ ಇರಬೇಕು, ಸಣ್ಣ ಹೆಪ್ಪೊಂದು ತಲೆಗೆ ಹೋಗಿ. ತುಂಬಾ ಅಪರೂಪದ್ದು. ಆಪರೇಷನ್ ಮಾಡಿ, ಒಳಗೆ ತೇಪೆ ಹಾಕಿ ದಾರಿ ತಿರುಗಿಸಬೇಕು."

"ತೇಪೆ? ಯಾವ ಬಟ್ಟೇದು?"

"ನಿಮ್ಮ ಹೃದಯದ ಹೊರಗಿನ ಪೊರೇದೇ."

"ಹಾಗಾದ್ರೆ ಬಣ್ಣ ಹೊಂದುತ್ತೆ," ಎಂದು ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಎದೆ ಬಿಚ್ಚುತ್ತಾರೆ. ಇಷ್ಟು ದಿನ ಬೇಡಿಕೊಂಡಿದ್ದು ಇದನ್ನೇನಾ?

ಡಾಕ್ಟರಮ್ಮ ಹೊರಗೆ ಹೋದರು. ಅಕ್ಕ ತಂಗಿಯ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಉಗುರುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ನೀಲಿ ಹೋಗಲಿಲ್ಲ.

"ಅಕ್ಕ, ಏನಾದ್ರೂ ಬೈಯೇ."

ಅಕ್ಕ ತಲೆ ಎತ್ತದೆ ಉಜ್ಜುತ್ತಲೇ ಇದ್ದಳು.