ಸೊನ್ನೆ ಹಿಡಿಯುವ ಕೋಣೆ

ಗಾಳಿಯಲ್ಲಿ ಪಾದರಸವಿದೆಯೇ ಎಂದು ಮೂಸಿ ಹೇಳುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಊರೆಲ್ಲ ಸುತ್ತುತ್ತಿದ್ದುದರಿಂದ ಪ್ರಯೋಗಾಲಯದಲ್ಲಿ ಅವಳಿಗೆ ಮೂಗಮ್ಮ ಎಂಬ ಹೆಸರು ಬಿದ್ದಿತ್ತು. ಹೆಸರಿಟ್ಟವನು ವ್ಯಾನಿನ ಡ್ರೈವರ್. ಮೊದಮೊದಲು ಅವಳು ಮುಖ ಗಂಟು ಹಾಕಿಕೊಂಡಳು, ಆಮೇಲೆ ಹೊಂದಿಕೊಂಡಳು. ಈಗೀಗ ಫೋನಿನಲ್ಲೂ "ಹಾಂ, ಮೂಗಮ್ಮ ಮಾತಾಡ್ತಿದೀನಿ" ಎನ್ನುವಷ್ಟು ಹೆಮ್ಮೆ ಬಂದಿತ್ತು.

ಯಂತ್ರವೆಂದರೆ ಒಂದು ಪೆಟ್ಟಿಗೆ, ಅದಕ್ಕೊಂದು ಕೊಳವೆ, ಮೇಲೊಂದು ಪುಟ್ಟ ಪರದೆ. ಕೊಳವೆ ಹಿಡಿದ ಕಡೆಯ ಗಾಳಿಯನ್ನು ಎಳೆದುಕೊಂಡು ಅಂಕಿ ತೋರಿಸುತ್ತದೆ. ಸಾವಿರ ದಾಟಿದರೆ ಆ ಕೋಣೆಯಲ್ಲಿ ಮನುಷ್ಯರು ಇರಬಾರದು ಎಂಬುದು ಅವರು ಇಟ್ಟುಕೊಂಡಿದ್ದ ಗೆರೆ. ಆದರೆ ಯಂತ್ರಕ್ಕೆ ದಿನಾ ಬೆಳಿಗ್ಗೆ ಸೊನ್ನೆ ಎಂದರೇನು ಎಂದು ಹೊಸದಾಗಿ ಹೇಳಿಕೊಡಬೇಕು. ಶುದ್ಧ ಗಾಳಿ ಕುಡಿಸಿ, ಗುಂಡಿ ಒತ್ತಿ, ಇದೇ ಸೊನ್ನೆ ಎಂದರೆ ಅದು ತಿಳಿಯಿತೆಂದು ಒಮ್ಮೆ ಕುಂಯ್‌ಗುಡುತ್ತದೆ. ಶುದ್ಧ ಗಾಳಿಗೆಂದು ಅದರ ಜೊತೆಗೇ ಬಂದಿದ್ದ ಇದ್ದಿಲಿನ ಡಬ್ಬಿಯ ಆಯಸ್ಸು ಎಂದೋ ಮುಗಿದಿತ್ತು. ಹೊಸದು ಬರುವವರೆಗೆ ನಾವು ಕೆಲಸ ಮಾಡುವ ಕೋಣೆಯ ಗಾಳಿಯನ್ನೇ ಕುಡಿಸೋಣ ಎಂದು ತೀರ್ಮಾನವಾಯಿತು. ಯಾರ ತೀರ್ಮಾನ ಎಂದು ಕೇಳಿದ್ದರೆ ಅವಳು ಪ್ರಯೋಗಾಲಯದ ಯಜಮಾನರ ಕಡೆಗೂ ಯಜಮಾನರು ಅವಳ ಕಡೆಗೂ ಕೈ ತೋರಿಸುತ್ತಿದ್ದರು. ಯಾರೂ ಕೇಳಲಿಲ್ಲ. ಹೊಸ ಡಬ್ಬಿಯೂ ಬರಲಿಲ್ಲ.

ಕೋಣೆಯೇನೋ ನೋಡಿದರೆ ಕಣ್ಣಿಗೊತ್ತಿಕೊಳ್ಳುವಂತಿತ್ತು. ಹಲಗೆಯ ನೆಲ, ಆಳೆತ್ತರದ ಕಿಟಕಿಗಳು, ಉಸಿರು ಬಿಟ್ಟರೂ ಅಲ್ಲಾಡುವ ಸೂಕ್ಷ್ಮ ತಕ್ಕಡಿ. ತಕ್ಕಡಿಯ ಮರ್ಜಿ ಕಾಯಲು ಕಿಟಕಿಗಳನ್ನು ಸದಾ ಮುಚ್ಚಿ, ಒಳಗೆ ಹೀಟರ್ ಹಾಕಿ ಬೆಚ್ಚಗೆ ಇಡುತ್ತಿದ್ದರು. ತಂಗಿ ಬಸುರಿ ಎಂದು ತಿಳಿದಾಗ ಅವಳನ್ನು ಸಿಮೆಂಟಿನ ಗೋದಾಮಿನ ಕೆಲಸದಿಂದ ಬಿಡಿಸಿ ಈ ಕೋಣೆಗೆ ತಂದು ಕೂರಿಸಿದವಳು ಮೂಗಮ್ಮನೇ. "ಆ ಧೂಳಲ್ಲಿ ಕೂತು ಮಗೂನ ಹೆರ್ತೀಯಾ? ನಮ್ಮಲ್ಲಿಗೆ ಬಾ. ಇಡೀ ಊರಲ್ಲಿ ಅಳೆದು ನೋಡಿದ ಗಾಳಿ ಇರೋದು ನಮ್ಮ ಕೋಣೇಲಿ ಮಾತ್ರ" ಎಂದಿದ್ದಳು. ತಂಗಿ ಬಂದಳು, ಸೀಸೆಗಳಿಗೆ ಚೀಟಿ ಅಂಟಿಸುತ್ತ ಏಳನೇ ತಿಂಗಳಿಗೆ ಬಿದ್ದಳು. ಇತ್ತೀಚೆಗೆ ಬೆರಳು ಸ್ವಲ್ಪ ನಡುಗುತ್ತಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸುರಿಯರಿಗೆ ಏನು ಆದರೂ ಬಸುರೇ ಕಾರಣ ಎಂದು ಎಲ್ಲರೂ ಸುಮ್ಮನಿದ್ದರು.

ಆ ವಾರ ರಿಪೇರಿಯವನು ಬಂದು ಯಂತ್ರದ ಪರದೆ ಬದಲಾಯಿಸಿದ. "ಹಳೇದು ಸೊನ್ನೆಗಿಂತ ಕೆಳಗೆ ಇಳಿದ್ರೂ ಸೊನ್ನೆ ಅಂತಲೇ ತೋರಿಸ್ತಿತ್ತು ಮೇಡಂ. ಇದು ಮೈನಸ್ಸೂ ತೋರಿಸುತ್ತೆ" ಎಂದ. ಮೂಗಮ್ಮ ತಲೆಯಾಡಿಸಿದಳು. ಸೊನ್ನೆಗಿಂತ ಕೆಳಗೆ ಯಾವ ಗಾಳಿ ತಾನೇ ಇಳಿದೀತು?

ಮರುದಿನ ಒಂದು ಶಾಲೆಯಿಂದ ಕರೆ. ವಿಜ್ಞಾನದ ಕೋಣೆಯ ಗೋಡೆಯಲ್ಲಿದ್ದ ಹಳೆಯ ವಾಯುಭಾರ ಮಾಪಕ ಬಿದ್ದು ಒಡೆದು, ಪಾದರಸ ನೆಲಕ್ಕೆ ಚೆಲ್ಲಿತ್ತು. ಗುಡಿಸಿ ಒರೆಸಿಯಾಗಿದೆ, ಮಕ್ಕಳನ್ನು ಒಳಗೆ ಬಿಡಬಹುದೇ ಎಂದು ಬಂದು ನೋಡಿ ಹೇಳಬೇಕಿತ್ತು. ಮೂಗಮ್ಮ ಎಂದಿನಂತೆ ಕೋಣೆಯಲ್ಲಿ ಸೊನ್ನೆ ಹಿಡಿದು ಹೊರಟಳು. ಶಾಲೆಯ ಅಂಗಳದಲ್ಲಿ ಇಳಿದು ಯಂತ್ರ ಚಾಲೂ ಮಾಡಿದರೆ ಪರದೆಯ ಮೇಲೆ ಮೈನಸ್ ನಾಲ್ಕು ಸಾವಿರದ ನೂರು.

ಅವಳು ಪೆಟ್ಟಿಗೆಯ ಬೆನ್ನು ತಟ್ಟಿದಳು. ಆರಿಸಿ ಮತ್ತೆ ಹಚ್ಚಿದಳು. ಮೈನಸ್ ನಾಲ್ಕು ಸಾವಿರದ ನೂರು.

"ಯಾಕ್ರೀ ಮೂಗಮ್ಮಾ, ನಿಮ್ಮ ಮೂಗಿಗೆ ನೆಗಡಿನಾ?" ಡ್ರೈವರ್ ಇಣುಕಿದ. "ಸೊನ್ನೆಗಿಂತ ಕಡಿಮೆ ಅಂದ್ರೆ ಏನು? ಈ ಗಾಳಿ ನಮ್ಮ ಹತ್ರಾನೇ ಪಾದರಸ ಕೇಳ್ತಿದೆಯಾ?"

"ಸುಮ್ನಿರಪ್ಪ. ಆ ರಿಪೇರಿಯವನು ಏನೋ ಎಡವಟ್ಟು ಮಾಡಿದಾನೆ."

ಒಳಗೆ ಹೋಗಿ, ಮಾಪಕ ಒಡೆದ ಮೂಲೆಯಲ್ಲಿ ಕೊಳವೆ ಹಿಡಿದಳು. ಅಂಕಿ ಏರಿತು, ಮೈನಸ್ ಸಾವಿರದ ಮುನ್ನೂರಕ್ಕೆ ನಿಂತಿತು. ಬಾಗಿಲ ಕಡೆ ಸರಿದರೆ ಇಳಿಯಿತು, ಮೂಲೆಗೆ ಬಂದರೆ ಏರಿತು. ಅಂದರೆ ಮೂಗು ಸರಿಯಾಗಿತ್ತು. ಮೂಸುವುದನ್ನು ಮೂಸುತ್ತಲೇ ಇತ್ತು. ಹಳೆಯ ಪರದೆಯಾಗಿದ್ದರೆ ಇಲ್ಲಿ ಸೊನ್ನೆ ಎಂದಿರುತ್ತಿತ್ತು, ಅವಳು 'ಪತ್ತೆಯಾಗಿಲ್ಲ' ಎಂದು ಬರೆದು ಸಹಿ ಹಾಕಿ ಹೋಗಿರುತ್ತಿದ್ದಳು.

ಅವಳು ಕೊಳವೆ ಕೆಳಗಿಳಿಸಿದಳು.

"ಏನಾಯ್ತು ಮೇಡಂ?" ಡ್ರೈವರ್ ಮೂಗಮ್ಮ ಎನ್ನುವುದನ್ನು ಮರೆತ.

"ಯಂತ್ರ ಸುಳ್ಳು ಹೇಳ್ತಿಲ್ಲ ಕಣೋ. ಬೆಳಿಗ್ಗೆ ನಮ್ಮ ಕೋಣೆ ಗಾಳಿ ಕುಡಿಸಿ ಇದೇ ಸೊನ್ನೆ ಅಂದೆ. ಹೊರಗಿನ ಗಾಳಿ ಅದಕ್ಕಿಂತ ನಾಲ್ಕು ಸಾವಿರ ಕಡಿಮೆ ಇದೆ ಅಂತಿದೆ ಇದು."

"ಅಂದ್ರೆ?"

"ಅಂದ್ರೆ ನಮ್ಮ ಕೋಣೇಲಿ ನಾಲ್ಕು ಸಾವಿರ ಇದೆ."

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಬಾಗಿಲಿಗೆ ಬಂದು, "ಮಕ್ಕಳನ್ನ ಒಳಗೆ ಬಿಡ್ಲಾ?" ಎಂದು ಕೇಳಿದರು.

"ಬೇಡ. ಲೆಕ್ಕ ಹಾಕಿದ್ರೆ ಇಲ್ಲೂ ಎರಡು ಸಾವಿರದ ಎಂಟುನೂರು ಇದೆ, ಬೀಗ ಹಾಕಿ." ಆ ಮಾತು ತನ್ನ ಬಾಯಿಂದ ಬಂದದ್ದು ಇದೇ ಮೊದಲು ಎಂಬುದು ಅವಳಿಗೆ ಆಡಿದ ಮೇಲೆ ಹೊಳೆಯಿತು. ತಾನು ಪಾಸು ಮಾಡಿದ ಕೋಣೆಗಳೆಲ್ಲ, ಆಸ್ಪತ್ರೆಯ ವಾರ್ಡು, ದಂತವೈದ್ಯರ ಕ್ಲಿನಿಕ್ಕು, ಬಲ್ಬಿನ ಗೋದಾಮು, ಒಂದರ ಹಿಂದೊಂದು ತಲೆಗೆ ನುಗ್ಗಿದವು. ಅವೆಲ್ಲವನ್ನೂ ಪಕ್ಕಕ್ಕೆ ತಳ್ಳಿ ಅವಳು ತಂಗಿಗೆ ಫೋನು ಹಚ್ಚಿದಳು.

"ಪುಟ್ಟಿ, ಎದ್ದು ಹೊರಗೆ ಬಾ."

"ಈಗ ತಾನೇ ಕೂತೆ ಕಣಕ್ಕ. ನನ್ನ ಎಬ್ಬಿಸೋಕೆ ಎರಡಾಳು ಬೇಕು."

"ಏಳು ಅಂದ್ನಲ್ಲ!"

"ಯಾಕೆ, ಬೆಂಕಿ ಬಿದ್ದಿದೆಯಾ? ಹೊರಗೆ ಚಳಿ. ಇಲ್ಲಿ ಬೆಚ್ಚಗೆ ಚೆನ್ನಾಗಿದೆ. ಅಳೆದು ನೋಡಿದ ಗಾಳಿ ಅಂತ ನೀನೇ ತಾನೇ ಕೊಚ್ಕೊಂಡಿದ್ದು?"

ಬಾಯಲ್ಲಿ ಹೇಳಿದರೆ ನಂಬುವವಳಲ್ಲ, ಅಂಕಿಯನ್ನೇ ತೋರಿಸಬೇಕು ಎಂದುಕೊಂಡು ಮೂಗಮ್ಮ ಪೆಟ್ಟಿಗೆ ಎತ್ತಿಕೊಂಡು ಹೊರಗೋಡಿದಳು. ಡ್ರೈವರ್ ಆಗಲೇ ವ್ಯಾನಿನ ಬಾಗಿಲು ತೆಗೆದು ನಿಂತಿದ್ದ.

ಪ್ರಯೋಗಾಲಯ ಇನ್ನೂ ದೂರವಿರುವಾಗಲೇ, ಮೈದಾನದ ಬಳಿ ವ್ಯಾನು ನಿಲ್ಲಿಸಿ, ಬಯಲು ಗಾಳಿಯಲ್ಲಿ ಹೊಸದಾಗಿ ಸೊನ್ನೆ ಹಿಡಿದಳು. ಆಮೇಲೆ ಯಂತ್ರವನ್ನು ಆರಿಸದೆ ಮಡಿಲಲ್ಲಿಟ್ಟುಕೊಂಡು ಕೂತಳು. ಗೇಟಿನಲ್ಲಿ ಅಂಕಿ ಏಳೆಂಟು. ಮೆಟ್ಟಿಲ ಮೇಲೆ ಇನ್ನೂರು. ಕೋಣೆಯ ಬಾಗಿಲು ತಳ್ಳಿದ್ದೇ ತಡ, ಮುಟ್ಟಿದರೆ ಮುನಿ ಮುದುಡುವಷ್ಟು ಹೊತ್ತಿನಲ್ಲಿ ಎರಡು ಸಾವಿರ, ಮೂರು ಸಾವಿರ, ನಾಲ್ಕು ಸಾವಿರದ ಇನ್ನೂರು. ಆ ಅಂಕಿಯ ನಡುವೆ ತಂಗಿ ಕಾಲು ಚಾಚಿ ಕೂತು ಚೀಟಿ ಅಂಟಿಸುತ್ತಿದ್ದಳು.

"ಏನಮ್ಮ, ಶಾಲೆ ಕೆಲಸ ಇಷ್ಟು ಬೇಗ ಆಯ್ತಾ?" ಯಜಮಾನರು ತಕ್ಕಡಿಯಿಂದ ತಲೆಯೆತ್ತಿದರು. ಅವಳು ಪರದೆಯನ್ನು ಅವರ ಮುಖಕ್ಕೆ ಹಿಡಿದಳು.

"ಕೆಟ್ಟಿರ್ಬೇಕು ಅದು."

ಅವಳು ಬಗ್ಗಿ ತಂಗಿಯ ಪಾದದ ಬಳಿ, ಎರಡು ಹಲಗೆಗಳ ಸಂದಿಗೆ ಕೊಳವೆ ಹಿಡಿದಳು. ಯಂತ್ರ ತನಗೆ ಗೊತ್ತಿದ್ದ ಅತಿ ದೊಡ್ಡ ಅಂಕಿಗೆ ಹೋಗಿ ನಿಂತು ಒಂದೇ ಸಮನೆ ಕೂಗತೊಡಗಿತು. ಡ್ರೈವರ್ ಸ್ಕ್ರೂಡ್ರೈವರ್ ಹಾಕಿ ಹಲಗೆ ಎಬ್ಬಿಸಿದ. ಅಡಿಯಲ್ಲಿ, ವರ್ಷಗಟ್ಟಲೆಯ ಕಸದ ನಡುವೆ, ಸಾಸಿವೆಯಷ್ಟು, ಕಡಲೆಯಷ್ಟು, ಗೋಲಿಯಷ್ಟು ಬೆಳ್ಳಿ ಹನಿಗಳು ಅಲ್ಲಾಡಿದವು. ಯಾರೋ ಮಲಗಿದ್ದವರನ್ನು ಎಬ್ಬಿಸಿದಂತೆ ಒಂದಕ್ಕೊಂದು ಸೇರಿಕೊಂಡು ಉರುಳಿದವು.

"ನಮಗಿಂತ ಮುಂಚೆ ಇಲ್ಲಿ ಥರ್ಮಾಮೀಟರ್ ಮಾಡ್ತಿದ್ರು," ಎಂದರು ಯಜಮಾನರು, ಯಾರದೋ ಮಾತನ್ನು ತಾವೇ ಕೇಳಿಸಿಕೊಳ್ಳುತ್ತಿರುವಂತೆ. "ಬೆಳಕು ಚೆನ್ನಾಗಿದೆ ಅಂತ ಈ ಕೋಣೆ ಹಿಡಿದೆ." ಕುರ್ಚಿಯಲ್ಲಿ ಕೂತವರು ಮರುಕ್ಷಣವೇ ಚೇಳು ಕಡಿದಂತೆ ಎದ್ದು, ಕಿಟಕಿಯ ಚಿಲಕದ ಜೊತೆ ಗುದ್ದಾಡತೊಡಗಿದರು. ಎಂದೂ ತೆಗೆಯದ ಚಿಲಕ ಬರಲಿಲ್ಲ.

ತಂಗಿಯನ್ನು ಕುರ್ಚಿ ಸಮೇತ ಎತ್ತಿ ತಂದು ಬೀದಿಯ ಬಿಸಿಲಿನಲ್ಲಿ ಕೂರಿಸಿದರು. "ನಿಮಗೆಲ್ಲ ತಲೆ ಕೆಟ್ಟಿದೆಯಾ? ಜನ ನೋಡ್ತಿದಾರೆ" ಎಂದು ಅವಳು ಬೈಯುತ್ತಲೇ ಇದ್ದಳು. ಅಕ್ಕ ವಿಷಯ ಹೇಳಿದ ಮೇಲೆ ಬೈಗುಳ ನಿಂತಿತು.

ಬೀದಿಯಲ್ಲಿ ಅಂಕಿ ಏಳೆಂಟಕ್ಕೆ ಇಳಿಯಬೇಕಿತ್ತು. ತಂಗಿಯ ಹತ್ತಿರ ಮಾತ್ರ ಆರುನೂರರ ಆಸುಪಾಸಿನಲ್ಲೇ ಇತ್ತು. ಮೂಗಮ್ಮ ಕೊಳವೆಯನ್ನು ಅವಳ ತಲೆ, ಸೆರಗು, ಚಪ್ಪಲಿಯ ಬಳಿ ಆಡಿಸಿ ಕೊನೆಗೆ ತೊಡೆಯ ಮೇಲಿದ್ದ ಚೀಲಕ್ಕೆ ತಂದಳು. ಒಳಗೆ ಉಣ್ಣೆಯ ಉಂಡೆ, ಎರಡು ಕಡ್ಡಿ, ಮುಷ್ಟಿಯಷ್ಟು ಪುಟ್ಟ ಹಳದಿ ಟೋಪಿ.

"ಕೆಲಸ ಇಲ್ದಾಗ ಹೆಣೀತಿದ್ದೆ," ಎಂದಳು ತಂಗಿ. "ಮೇಜಿನ ಡ್ರಾಯರ್‌ನಲ್ಲೇ ಇಡ್ತಿದ್ದೆ. ತೊಳೆದ್ರೆ ಹೋಗುತ್ತಾ?"

"ಉಣ್ಣೆ ಹೀರ್ಕೊಂಡಿರುತ್ತೆ ಪುಟ್ಟಿ. ಹೋಗಲ್ಲ. ಕೊಡು."

ತಂಗಿ ಚೀಲ ಕೊಟ್ಟಳು. ಡ್ರೈವರ್ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಗಂಟು ಕಟ್ಟಿ ದೂರ ಒಯ್ದ.

"ಹಾಗಾದ್ರೆ ನನ್ನೊಳಗಿರೋದು?"

"ಅದನ್ನ ಈ ಯಂತ್ರ ಹೇಳಲ್ಲ ಕಣೇ. ಆಸ್ಪತ್ರೇಲಿ ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿದ ಮೇಲೆ..."

ತಂಗಿ ಕೈ ಚಾಚಿ ಕೊಳವೆಯನ್ನು ಕಿತ್ತುಕೊಂಡಳು. ಬಾಯಿಗೆ ಹತ್ತಿರ ಹಿಡಿದು, ದೀಪ ಆರಿಸುವವಳಂತೆ ಉದ್ದಕ್ಕೆ ಊದಿದಳು. ಮೂಗಮ್ಮನ ಹೆಬ್ಬೆರಳು ಯಂತ್ರ ಆರಿಸುವ ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಅಂಕಿ ತಡವರಿಸುತ್ತ ಏರಿ ಒಂದು ಕಡೆ ನಿಂತಿತು.

"ಎಷ್ಟು?"

"ಮುನ್ನೂರ ಹತ್ತು."

"ಎಷ್ಟಿರಬೇಕಿತ್ತು?"

"ಏನೂ ಇರಬಾರದಿತ್ತು."

ತಂಗಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಬೆರಳುಗಳು ನಡುಗುತ್ತಿದ್ದವು, ಈಗ ಅದನ್ನು ಬಸುರಿನ ಲೆಕ್ಕಕ್ಕೆ ಹಾಕುವವರು ಅಲ್ಲಿ ಯಾರೂ ಇರಲಿಲ್ಲ. ಅವಳು ಕೊಳವೆಯನ್ನು ತಿರುಗಿಸಿ ಅಕ್ಕನ ಬಾಯಿಗೆ ಹಿಡಿದಳು.

"ನೀನೂ ಊದು. ನನಗಿಂತ ಎಷ್ಟೋ ವರ್ಷ ಮುಂಚಿನಿಂದ ಕೂತಿದೀಯ ಅಲ್ಲಿ."

ಮೂಗಮ್ಮನಿಗೆ ತನ್ನ ಯೋಚನೆ ಬಂದದ್ದು ಆಗಲೇ. ಅವಳು ತುಟಿ ಬಿಗಿದು, ಯಂತ್ರ ಆರಿಸಿದಳು.

"ಮೊದಲು ಆಸ್ಪತ್ರೇಲಿ ನಿಂದಾಗಲಿ, ಏಳು" ಎಂದು ತಂಗಿಯ ಕಂಕುಳಿಗೆ ಕೈ ಕೊಟ್ಟಳು. ಇನ್ನೊಂದು ಕಡೆಗೆ ಡ್ರೈವರ್ ಬಂದ. ಎಬ್ಬಿಸಲು ನಿಜಕ್ಕೂ ಎರಡಾಳು ಬೇಕಾಯಿತು.